“ಫಾದರ್, ಇಲ್ಲಿ ನಿಮಗೇನು ಕೆಲಸ?”

ಕಾರ್ಖಾನೆ ಗೇಟಿನ ಸೆಕ್ಯೂರಿಟಿಯವನು ಈ ಪ್ರಶ್ನೆ ಕೇಳಿದರೆ ಅದರಲ್ಲಿ ಅನುಮಾನವಷ್ಟೇ ಇರುತ್ತದೆ, ಅವನಿಗೆ ಏನಾದರೂ ಹೇಳಿ ದಾಟಬಹುದು. ಕಷ್ಟ ಕೊಡುವವರು ಯೂನಿಯನ್ನಿನ ಗೆಳೆಯರು. “ಕಾರ್ಮಿಕರ ಜೊತೆ ಇರಬೇಕು ಅಂತಿದ್ರೆ ನಮ್ಮ ಜೊತೆ ಬರಬಹುದಿತ್ತಲ್ಲ ಫಾದರ್? ಅದಕ್ಕೆ ಗುರುಮಠದ ಓದು, ದೀಕ್ಷೆ, ಬ್ರಹ್ಮಚರ್ಯ ಎಲ್ಲ ಯಾಕೆ ಬೇಕಿತ್ತು? ನಿಮ್ಮಿಂದ ಸಂಬಳ ಹೆಚ್ಚಾಗಲ್ಲ, ಕೆಲಸ ಕಳಕೊಂಡವನಿಗೆ ಕೆಲಸ ಸಿಗಲ್ಲ. ನಿಜ ಹೇಳಿ, ಇಲ್ಲಿ ನಿಮಗೇನು ಕೆಲಸ?”

ದೀಕ್ಷೆಯಾದ ಹೊಸದರಲ್ಲಿ ‘ಸೇವೆ’ ಅನ್ನುತ್ತಿದ್ದೆ. ಆ ಪದ ಈಗ ಬಾಯಿಗೆ ಬರುವುದಿಲ್ಲ. ಹನ್ನೆರಡು ಗಂಟೆ ನಿಂತೇ ದುಡಿದು ಬಂದವನ ಎದುರು ಕುರ್ಚಿಯಲ್ಲಿ ಕೂತವನು ‘ನಾನು ಸೇವೆ ಮಾಡುತ್ತಿದ್ದೇನೆ’ ಅಂದರೆ ಯಾರಿಗಾದರೂ ನಗು ಬರಬೇಕು. ಈಗ ಹೇಳುವ ಉತ್ತರ ಚಿಕ್ಕದು: ನಿಮ್ಮ ಹೊತ್ತು ಮಾರಾಟವಾಗಿದೆ, ನನ್ನದು ಆಗಿಲ್ಲ. ಅದಕ್ಕೇ ಇಲ್ಲಿದ್ದೇನೆ.

ಇದನ್ನು ಕೊಂಚ ಬಿಡಿಸಿ ಹೇಳುತ್ತೇನೆ.

ದುಡಿಯುವವರ ಬಡತನ ಅಂದರೆ ದುಡ್ಡಿನ ಬಡತನ ಅಂದುಕೊಂಡೇ ನಾನು ಈ ಕೆಲಸಕ್ಕೆ ಬಂದದ್ದು. ದುಡ್ಡಿನದ್ದು ಇದ್ದೇ ಇದೆ. ಅದರ ಜೊತೆಗೆ ಇನ್ನೊಂದು ಬಡತನ ಇದೆ ಅಂತ ಗೊತ್ತಾಗಲು ವರ್ಷಗಳೇ ಬೇಕಾದವು. ಗಂಡನಿಗೆ ರಾತ್ರಿ ಪಾಳಿ, ಹೆಂಡತಿಗೆ ಹಗಲು ಪಾಳಿ ಬಿದ್ದ ವಾರ ಇಬ್ಬರೂ ಬಾಗಿಲಲ್ಲಿ ಎದುರಾಗುತ್ತಾರೆ, ಒಬ್ಬರು ಒಳಗೆ, ಒಬ್ಬರು ಹೊರಗೆ. ಜಗಳವಾಡಲೂ ಪುರುಸೊತ್ತಿಲ್ಲ, ಆಡದೆ ಉಳಿದ ಜಗಳ ಒಳಗೇ ಹುಳಿಯುತ್ತದೆ. ತಾಯಿಯನ್ನು ಮಣ್ಣು ಮಾಡಿ ಮಾರನೇ ದಿನ ಹಾಜರಿ ಹಾಕಿದವರನ್ನು ಬಲ್ಲೆ. ಓವರ್‌ಟೈಮ್ ಬೇಡ ಅನ್ನುವ ಹಾಗಿಲ್ಲ, ಅಂದರೆ ಮುಂದಿನ ಗುತ್ತಿಗೆಯ ಪಟ್ಟಿಯಲ್ಲಿ ಹೆಸರಿರುವುದಿಲ್ಲ. ಅಳುವುದಕ್ಕೂ ಪಾಳಿಯ ಸಂದು ನೋಡಬೇಕು.

ಅಂಥ ಸಂದಿನಲ್ಲಿ ಯಾರಾದರೊಬ್ಬರು ಖಾಲಿ ಕೂತಿರಬೇಕು. ರಾತ್ರಿ ಹನ್ನೊಂದಕ್ಕೆ ಬಂದರೂ, ಬೆಳಗಿನ ಜಾವ ನಾಲ್ಕಕ್ಕೆ ಬಂದರೂ ‘ನಾಳೆ ಬಾ’ ಅನ್ನದವನು. ನನಗೆ ಹೆಂಡತಿ ಮಕ್ಕಳಿಲ್ಲ, ಹಾಜರಿ ಪುಸ್ತಕವಿಲ್ಲ. ಬ್ರಹ್ಮಚರ್ಯವನ್ನು ದೊಡ್ಡ ಪಾವಿತ್ರ್ಯ ಅಂತ ಹೊಗಳುವವರ ಸಾಲಿನಲ್ಲಿ ನಾನಿಲ್ಲ. ಎಷ್ಟೋ ರಾತ್ರಿ ಅದು ಬರೀ ಒಂಟಿತನ. ಆದರೆ ಮನೆಯಲ್ಲಿ ನನಗಾಗಿ ಯಾರೂ ಕಾಯುತ್ತಿಲ್ಲ ಅನ್ನುವುದರಿಂದ ಇನ್ನೊಬ್ಬರಿಗಾಗಿ ನಾನು ಕಾಯಬಹುದು. ಅದರ ಉಪಯೋಗ ಅಷ್ಟು.

ಇಷ್ಟು ತಿಳಿಯುವ ಮೊದಲು ಮಾಡಿದ ತಪ್ಪೊಂದಿದೆ. ಮೊದಲ ವರ್ಷ, ಚರ್ಚಿನಲ್ಲಿ ಭಾನುವಾರದ ಬೆಳಗಿನ ಬಲಿಪೂಜೆ. ಅರ್ಧ ಬೆಂಚು ಖಾಲಿ. ಪ್ರಬೋಧನೆಯಲ್ಲಿ ಚೆನ್ನಾಗಿ ಬೈದೆ: ದೇವರಿಗೆ ವಾರಕ್ಕೆ ಒಂದು ಗಂಟೆ ಕೊಡಲಾಗದವರು ಅಂತೆಲ್ಲ. ಪೂಜೆ ಮುಗಿದ ಮೇಲೆ ಆಫೀಸುಗಳಲ್ಲಿ ಕಸ ಗುಡಿಸುವ ಹೆಂಗಸೊಬ್ಬರು ಹತ್ತಿರ ಬಂದು ಮೆಲ್ಲಗೆ ಹೇಳಿದರು: “ನೀವು ಬೈದದ್ದು ಬಂದವರಿಗೆ, ಫಾದರ್. ಬರದವರು ಡ್ಯೂಟಿಯಲ್ಲಿದ್ದಾರೆ.” ಅವತ್ತು ಮಧ್ಯಾಹ್ನ ಊಟ ಇಳಿಯಲಿಲ್ಲ. ಮುಂದಿನ ತಿಂಗಳು ಪೂಜೆಯ ವೇಳೆ ಬದಲಾಯಿತು.

ಈ ತಪ್ಪು ನನ್ನೊಬ್ಬನದಲ್ಲ, ನಮ್ಮ ಕ್ಯಾಥೋಲಿಕ್ ಧರ್ಮಸಭೆಯದೂ ಹೌದು. ಸೈರನ್ನಿನ ಹೊತ್ತು ಒಂದಿದೆ ಅಂತ ಒಪ್ಪಿಕೊಳ್ಳಲು ಅದಕ್ಕೆ ಬಹಳ ಕಾಲ ಹಿಡಿಯಿತು. 1953ರವರೆಗೆ ಸಾಮಾನ್ಯ ನಿಯಮದಂತೆ ಸಂಜೆ ಪೂಜೆ ಇಲ್ಲ. ಪೂಜೆಯಲ್ಲಿ ಕೊಡುವ ರೊಟ್ಟಿ, ಅಂದರೆ ಪರಮಪ್ರಸಾದ, ಸ್ವೀಕರಿಸಬೇಕಾದರೆ ನಡುರಾತ್ರಿಯಿಂದ ಉಪವಾಸ, ನೀರೂ ಕುಡಿಯುವಂತಿಲ್ಲ. ಕುಲುಮೆಯ ಮುಂದೆ ರಾತ್ರಿಯಿಡೀ ಬೆವರಿದವನು ಮೂರು ಗಂಟೆಗೆ ಒಂದು ಲೋಟ ನೀರು ಕುಡಿದರೆ ಬೆಳಗ್ಗೆ ಪ್ರಸಾದದ ಸಾಲಿನಲ್ಲಿ ನಿಲ್ಲುವ ಹಾಗಿರಲಿಲ್ಲ. ಆ ವರ್ಷ ಜನವರಿ 6ರಂದು ಪೋಪ್ ಹನ್ನೆರಡನೇ ಪಿಯೂಸ್ ನಿಯಮ ಸಡಿಲಿಸಿದರು. ನೀರಿನಿಂದ ಉಪವಾಸ ಮುರಿಯುವುದಿಲ್ಲ, ಸಂಜೆಯೂ ಪೂಜೆ ಮಾಡಬಹುದು ಎಂದಾಯಿತು. ಪಾಳಿಯಲ್ಲಿ ದುಡಿಯುವ ಕಾರ್ಮಿಕರ ಕಷ್ಟವನ್ನು ಕಾರಣಗಳಲ್ಲಿ ಒಂದಾಗಿ ಅವರೇ ಬರೆದರು. 1957ರಲ್ಲಿ ಉಪವಾಸ ಮೂರು ಗಂಟೆಗಿಳಿಯಿತು, 1964ರಲ್ಲಿ ಒಂದು ಗಂಟೆಗೆ. ದೇವಶಾಸ್ತ್ರದ ಪುಸ್ತಕಗಳಲ್ಲಿ ಇದು ಅಡಿಟಿಪ್ಪಣಿ. ನನಗೆ ಮಾತ್ರ ಪೋಪರು ಇಡೀ ಧರ್ಮಸಭೆಗೆ ಬರೆಯುವ ಎಷ್ಟೋ ವಿಶ್ವಪತ್ರಗಳಿಗಿಂತ ದೊಡ್ಡದು.

ವಿಶ್ವಪತ್ರಗಳನ್ನು ತಾತ್ಸಾರ ಮಾಡುತ್ತಿಲ್ಲ. 1891ರ ‘ರೇರುಂ ನೊವಾರುಂ’ನಲ್ಲಿ ಪೋಪ್ ಹದಿಮೂರನೇ ಲಿಯೋ ಹೇಳಿದ ಒಂದು ಮಾತನ್ನು ಗೇಟಿನಲ್ಲಿ ಆಗಾಗ ನೆನಪಿಸಬೇಕಾಗುತ್ತದೆ: ಕೆಲಸಗಾರ ಒಪ್ಪಿಕೊಂಡ ಮಾತ್ರಕ್ಕೆ ಕೂಲಿ ನ್ಯಾಯವಾಗುವುದಿಲ್ಲ, ಹೊಟ್ಟೆಗಿಲ್ಲದವನ ಒಪ್ಪಿಗೆಯನ್ನು ಒಪ್ಪಿಗೆ ಅನ್ನಲಾಗದು. ಅದಕ್ಕೂ ಎರಡು ವರ್ಷ ಮೊದಲು, 1889ರಲ್ಲಿ, ಲಂಡನ್ ಹಡಗುಕಟ್ಟೆಯ ಕೂಲಿಗಳು ಮುಷ್ಕರ ಹೂಡಿದ್ದರು. ಗಂಟೆಗೆ ಆರು ಪೆನ್ಸ್ ಅನ್ನುವ ಬೇಡಿಕೆ ಎಲ್ಲರಿಗೂ ನೆನಪಿದೆ. ಅದರ ಪಕ್ಕದಲ್ಲೇ ಇನ್ನೊಂದಿತ್ತು: ಕರೆದರೆ ಕನಿಷ್ಠ ನಾಲ್ಕು ಗಂಟೆಯ ಕೆಲಸ ಕೊಡಿ. ಬೆಳಗಿನಿಂದ ಕಟ್ಟೆಯಲ್ಲಿ ಕಾಯಿಸಿ, ಒಂದು ಗಂಟೆ ದುಡಿಸಿ ಕಳಿಸಿಬಿಡುತ್ತಿದ್ದರಂತೆ. ಎರಡೂ ಕಡೆಯವರ ನಡುವೆ ಓಡಾಡಿ ರಾಜಿ ಮಾಡಿಸಿದವರಲ್ಲಿ ಅಲ್ಲಿನ ಕ್ಯಾಥೋಲಿಕ್ ಧರ್ಮಾಧಿಕಾರಿ ಕಾರ್ಡಿನಲ್ ಮ್ಯಾನಿಂಗ್ ಒಬ್ಬರು. ಆಗ ಅವರಿಗೆ 81 ವರ್ಷ. ಆ ಮುದುಕ ಕೊಟ್ಟದ್ದೂ ಹೊತ್ತನ್ನೇ ಅಂದುಕೊಳ್ಳುತ್ತೇನೆ.

ಈಗ ಯೂನಿಯನ್ ಗೆಳೆಯರ ಅಸಲಿ ಪ್ರಶ್ನೆ. ‘ಹಾಗಾದರೆ ನೀವೂ ಬಂದು ಯಂತ್ರದ ಮುಂದೆ ನಿಲ್ಲಿ’ ಅನ್ನುತ್ತಾರೆ. ನಿಂತವರಿದ್ದಾರೆ. 1941ರಲ್ಲಿ ಫ್ರಾನ್ಸಿನ ಮಾರ್ಸೇಲ್ ಬಂದರಿನಲ್ಲಿ ಝಾಕ್ ಲೋವ್ ಎಂಬ, ಡೊಮಿನಿಕನ್ ಸನ್ಯಾಸಿ ಸಭೆಯ ಗುರು (ಫಾದರ್) ಮೂಟೆ ಇಳಿಸುವ ಕೆಲಸಕ್ಕೆ ಸೇರಿದರು. ಸ್ವಲ್ಪದರಲ್ಲೇ ಪ್ಯಾರಿಸಿನ ಕಾರ್ಡಿನಲ್ ಸುಹಾರ್ ತಮ್ಮ ಗುರುಗಳನ್ನು ಕಾರ್ಖಾನೆಗಳಿಗೆ ಕಳಿಸಿದರು. ಬೆಳೆಯುತ್ತ ಸುಮಾರು ನೂರು ಮಂದಿಯಾದರು. ನಿಲುವಂಗಿ ಕಳಚಿ ನೀಲಿ ಬಟ್ಟೆ ತೊಟ್ಟರು, ಬಾಡಿಗೆ ಕೋಣೆಯಲ್ಲಿದ್ದರು, ಯೂನಿಯನ್ನಿಗೂ ಸೇರಿದರು. ರೋಮ್, ಅಂದರೆ ಪೋಪರ ಆಡಳಿತ, ಹೆದರಿತು. 1954ರ ಮಾರ್ಚ್ 1ರ ಗಡುವು ಬಂತು: ಪೂರ್ತಿ ಹೊತ್ತಿನ ಕೂಲಿ ಬಿಡಿ, ಬೇಕಿದ್ದರೆ ದಿನಕ್ಕೆ ಮೂರು ಗಂಟೆ ದುಡಿಯಿರಿ.

ಮೂರು ಗಂಟೆ! ಯಾವ ಕಾರ್ಮಿಕ ದಿನಕ್ಕೆ ಮೂರು ಗಂಟೆ ದುಡಿದು ಮನೆಗೆ ಹೋಗುತ್ತಾನೆ? ಹಾಗೆ ಹೋಗಬಲ್ಲವನು ಉಳಿದವರ ಕಣ್ಣಿಗೆ ಅತಿಥಿ. ಆ ಗುರುಗಳಲ್ಲಿ ಹಲವರು ವಿಧೇಯತೆಯಿಂದ ಹಿಂದಿರುಗಿದರು, ಹಲವರು ಕಾರ್ಖಾನೆಯಲ್ಲೇ ಉಳಿದರು. ಎರಡೂ ಗುಂಪಿನವರ ಎದೆ ಒಡೆಯಿತು. ಜಗತ್ತಿನ ಬಿಷಪ್ಪರು ಸೇರಿದ್ದ ದ್ವಿತೀಯ ವ್ಯಾಟಿಕನ್ ಮಹಾಸಭೆ ಮುಗಿಯುವ ಹೊತ್ತಿಗೆ, 1965ರಲ್ಲಿ, ಪೋಪ್ ಆರನೇ ಪೌಲರ ಕಾಲದಲ್ಲಿ ಮತ್ತೆ ಅನುಮತಿ ಸಿಕ್ಕಿತು.

ರೋಮ್ ಆಗ ತಪ್ಪು ಮಾಡಿತು ಅನ್ನುವುದು ನನ್ನ ಅಭಿಪ್ರಾಯ, ನನ್ನ ಹಿರಿಯರಿಗೂ ಅದು ಗೊತ್ತು. ಆದರೆ ನನ್ನನ್ನು ‘ನೀನೂ ಯಂತ್ರದ ಮುಂದೆ ನಿಲ್ಲು’ ಅಂದಾಗ ಹಿಂಜರಿಯುತ್ತೇನೆ. ಒಂದು ಕಾರಣ ಪ್ರಾಮಾಣಿಕ: ನಾನೂ ಹೊತ್ತು ಮಾರಿಕೊಂಡರೆ ರಾತ್ರಿ ಹನ್ನೊಂದಕ್ಕೆ ಬಾಗಿಲು ತಟ್ಟುವವನಿಗೆ ಸಿಗುವುದು ಇನ್ನೊಬ್ಬ ದಣಿದವನು. ಇನ್ನೊಂದು ಕಾರಣ ಅಷ್ಟು ಚೆನ್ನಾಗಿಲ್ಲ: ನನಗೆ ಆ ತಾಕತ್ತಿಲ್ಲ. ಒಮ್ಮೆ ಗೋದಾಮಿನಲ್ಲಿ ಹತ್ತು ದಿನ ಮೂಟೆ ಹೊತ್ತು ನೋಡಿದೆ. ಆರನೇ ದಿನದಿಂದ ಪ್ರಾರ್ಥನೆ ಪುಸ್ತಕ ತೆರೆದಲ್ಲೇ ನಿದ್ದೆ. ಸುಸ್ತಾದವನಿಗೆ ‘ಪ್ರಾರ್ಥನೆ ಮಾಡು’ ಅಂತ ಸಲೀಸಾಗಿ ಹೇಳುವುದನ್ನು ಅವತ್ತಿಗೆ ಬಿಟ್ಟೆ.

ಯೂನಿಯನ್ ಮುಖಂಡತ್ವದ ವಿಷಯಕ್ಕೆ ಉತ್ತರ ನೇರ. ಧರ್ಮಸಭೆಯ ಕಾನೂನಿನ 287ನೇ ವಿಧಿ ಗುರುಗಳಿಗೆ ಪಕ್ಷ ರಾಜಕೀಯವನ್ನೂ ಕಾರ್ಮಿಕ ಸಂಘಗಳ ನಾಯಕತ್ವವನ್ನೂ ಸಾಮಾನ್ಯವಾಗಿ ತಡೆಯುತ್ತದೆ, ಅಧಿಕಾರಿಗಳು ಅಗತ್ಯ ಅಂದರೆ ಮಾತ್ರ ವಿನಾಯಿತಿ. ಯೂನಿಯನ್ ಬೇಡ ಅಂತ ಇದರ ಅರ್ಥವಲ್ಲ. ಪೋಪ್ ಎರಡನೇ ಜಾನ್ ಪಾಲ್ 1981ರ ವಿಶ್ವಪತ್ರದಲ್ಲಿ ಕಾರ್ಮಿಕ ಸಂಘಗಳು ಸಮಾಜಕ್ಕೆ ಬೇಕೇ ಬೇಕು ಎಂದೇ ಬರೆದರು. ಯುವಕನಾಗಿದ್ದಾಗ ಕಲ್ಲುಗಣಿಯಲ್ಲಿ, ಆಮೇಲೆ ರಾಸಾಯನಿಕ ಕಾರ್ಖಾನೆಯಲ್ಲಿ ದುಡಿದವರು ಅವರು. ಆದರೆ ನಾನು ಮುಖಂಡನಾದರೆ ಇನ್ನೊಂದು ಬಣದವನು ನನ್ನ ಬಳಿ ಬಂದು ಅಳುವುದಿಲ್ಲ. ಸೂಪರ್‌ವೈಸರ್ ಕೂಡ ಬರುತ್ತಾನೆ, ಗೊತ್ತಿರಲಿ. ಬಂದವರು ಏನು ಹೇಳುತ್ತಾರೆ ಅಂತ ಕೇಳಬೇಡಿ. ಪಾಪನಿವೇದನೆಯಲ್ಲಿ ಕೇಳಿದ್ದು ನನ್ನ ಜೊತೆಗೇ ಮಣ್ಣಾಗುತ್ತದೆ.

ದಿನದ ಬಹುಪಾಲು ಅರ್ಜಿ ಬರೆಯುವುದು, ಪರಿಹಾರದ ಕಾಗದ ಓದಿ ಹೇಳುವುದು, ಆಸ್ಪತ್ರೆಯ ಬೆಂಚಿನ ಮೇಲೆ ಕೂರುವುದು. ಅದರಲ್ಲಿ ಹೇಳಿಕೊಳ್ಳುವಂಥದ್ದೇನೂ ಇಲ್ಲ.

ಯೇಸು ಹೇಳಿದ ದ್ರಾಕ್ಷಿತೋಟದ ಕೂಲಿಗಳ ಸಾಮತಿ, ಅಂದರೆ ದೃಷ್ಟಾಂತ ಕಥೆ, ಮಾತ್ರ ಹೇಳಲೇಬೇಕು. ಬೈಬಲಿನಲ್ಲಿ ಮತ್ತಾಯನ ಶುಭಸಂದೇಶದ 20ನೇ ಅಧ್ಯಾಯ. ಯಜಮಾನ ಬೆಳಗ್ಗೆಯಿಂದ ಸಂಜೆಯವರೆಗೆ ಸಂತೆಬೀದಿಗೆ ಹೋಗಿ ಕೂಲಿಗಳನ್ನು ಕರೆತರುತ್ತಾನೆ. ಕೊನೆಯ ಒಂದು ಗಂಟೆ ದುಡಿದವನಿಗೂ ಇಡೀ ದಿನದ ಕೂಲಿ ಕೊಡುತ್ತಾನೆ. ಗುರುಮಠದಲ್ಲಿ ಇದನ್ನು ದೇವರ ಔದಾರ್ಯ ಅಂತ ಕಲಿತೆ. ಕಾಯಂ ನೌಕರರ ಎದುರು ಓದಿದರೆ ಮುಖ ಗಂಟಾಗುತ್ತದೆ: ಇದ್ಯಾವ ನ್ಯಾಯ? ದಿನಗೂಲಿಯವರ ಗುಂಪಿನಲ್ಲಿ ಓದಿದಾಗ ಒಬ್ಬ ಹಿರಿಯರು ಅಂದರು: “ಸಂಜೆವರೆಗೂ ಯಾರೂ ಕರೀದೆ ನಿಂತಿದ್ದನಲ್ಲ, ಅವನೂ ಬೆಳಗ್ಗೆಯಿಂದ ಕೆಲಸದ ಮೇಲೇ ಇದ್ದ ಫಾದರ್. ಕಾಯೋದೂ ಕೆಲಸಾನೇ.” ಲಂಡನ್ನಿನ ಕೂಲಿಗಳು ಕೇಳಿದ್ದೂ ಅದನ್ನೇ ಅಲ್ಲವೇ? ಆ ಭಾನುವಾರ ನಾನು ಬರೆದುಕೊಂಡು ಹೋಗಿದ್ದ ಪ್ರಬೋಧನೆ ಜೇಬಿನಲ್ಲೇ ಉಳಿಯಿತು.

ಇವತ್ತು ಶನಿವಾರ. ನಮ್ಮ ನಿಯಮದಲ್ಲಿ ಶನಿವಾರ ಸಂಜೆಯ ಪೂಜೆಗೆ ಬಂದರೆ ಭಾನುವಾರದ್ದು ಸಂದಾಯವಾದಂತೆ. ಏಳಕ್ಕೆ ಒಂದು ಪೂಜೆ ಆಯಿತು. ರಾತ್ರಿ ಪಾಳಿ ಬಿಟ್ಟವರಿಗೆ ಬೆಳಗ್ಗೆ ಏಳೂವರೆಗೆ ಇನ್ನೊಂದು ಇದೆ. ನಡುವೆ, ಹತ್ತೂವರೆಗೆ ಗೇಟಿನ ಹತ್ತಿರ ಬಂದಿರಿ ಅಂತ ಒಬ್ಬ ಹುಡುಗ ಹೇಳಿದ್ದಾನೆ. ವಿಷಯ ಏನು ಅಂತ ಹೇಳಲಿಲ್ಲ, ಓವರ್‌ಟೈಮ್ ಹಾಕಿದರೆ ಬರುವುದು ತಡವಾಗಬಹುದು ಅಂದ. ಆಗಲೇ ಹತ್ತೂ ಹತ್ತು.