ಕಿಂಡಿ ಇರೋ ಗೋಡೆ

"ಆ ಕಿಂಡಿ ಇರೋ ಗೋಡೆ ಒಂದನ್ನ ಕೊನೆಗೆ ಕೆಡವ್ತೀಯಾ ಮಗಾ?"

ಕೊಡಗಿನ ನಮ್ಮ ಊರಿನ ಟಾಕೀಸು ಕೆಡವಲಿಕ್ಕೆ ಬಂದ ಜೆಸಿಬಿ ಹುಡುಗನನ್ನು, ಅಲ್ಲಿ ಸಿನಿಮಾ ಓಡಿಸುತ್ತಿದ್ದ ಆಪರೇಟರ್ ಅಜ್ಜ ಕೇಳಿದ್ದು ಇಷ್ಟೇ. ಹುಡುಗ ಇಂಜಿನ್ ಆಫ್ ಮಾಡದೆ ತಲೆ ಹೊರಗೆ ಹಾಕಿ, "ಯಾವುದು ಮೊದಲಾದ್ರೇನು ಅಜ್ಜ, ಸಂಜೆಯೊಳಗೆ ಎಲ್ಲ ನೆಲಕ್ಕೇ ಅಲ್ವಾ?" ಅಂದ. ಸೊಕ್ಕಿನಿಂದ ಅಂದದ್ದಲ್ಲ. ಅಜ್ಜ ಯಾಕೆ ಕೇಳುತ್ತಿದ್ದಾರೆ ಅನ್ನುವುದೇ ಅವನಿಗೆ ಗೊತ್ತಿರಲಿಲ್ಲ. ಮಂಗಳವಾರದಿಂದ ಈ ಎರಡು ಮಾತು ನನ್ನ ತಲೆಯಿಂದ ಹೋಗುತ್ತಿಲ್ಲ.

ಪ್ರೊಜೆಕ್ಟರ್ ರೂಮು ಇದ್ದದ್ದು ರಸ್ತೆ ಕಡೆಗೆ, ಟಿಕೆಟ್ ಕೌಂಟರಿನ ಮೇಲೆ. ಮೆಷಿನ್ ಕೈ ಮೊದಲು ತಾಗುವುದೇ ಅಲ್ಲಿಗೆ. ಹಾಗಾಗಿ ಅಜ್ಜ ಕೊನೆಗೆ ಇರಲಿ ಅಂದದ್ದೇ ಮೊದಲು ಬಿತ್ತು. ಸುತ್ತ ನಿಂತವರೆಲ್ಲ ಮೊಬೈಲ್ ಎತ್ತಿ ಹಿಡಿದಿದ್ದರು. ನನಗೆ ಚೆನ್ನಾಗಿ ಪರಿಚಯದ ಒಬ್ಬರು, "ಒಳ್ಳೇದೇ ಆಯ್ತು ಬಿಡಿ, ಪಾರ್ಕಿಂಗಿಗೆ ಜಾಗ ಆಗುತ್ತೆ" ಅಂದರು. ಹುಡುಗನ ಮಾತಿಗಿಂತ ಇವರ ಮಾತು ನನಗೆ ಜಾಸ್ತಿ ನೋವು ಕೊಟ್ಟಿತು. ಹುಡುಗ ಬೇರೆ ಊರಿನವನು. ಇವರು ಪ್ರಾಯದಲ್ಲಿ ಹೊಸ ಪಿಕ್ಚರಿನ ಮೊದಲನೇ ಶೋ ತಪ್ಪಿಸಿದವರಲ್ಲ.

ಆ ಗೋಡೆಯಲ್ಲಿ ಇದ್ದದ್ದು ಚಿಕ್ಕ ಚೌಕದ ಕಿಂಡಿಗಳು. ಎರಡು ಪ್ರೊಜೆಕ್ಟರಿನ ಬೆಳಕು ಹೊರಗೆ ಬರಲಿಕ್ಕೆ, ಪಕ್ಕದಲ್ಲಿ ಆಪರೇಟರ್ ಪರದೆ ನೋಡಲಿಕ್ಕೆ. ನಾವು ಕೆಳಗೆ ಕೂತು ಮೂರು ಗಂಟೆ ಒಂದೇ ಸಿನಿಮಾ ನೋಡಿದೆವು ಅಂದುಕೊಳ್ಳುತ್ತಿದ್ದೆವು. ಮೇಲೆ ಅದು ರೀಲು ರೀಲಾಗಿ ಓಡುತ್ತಿತ್ತು. ಒಂದು ಮೆಷಿನಿನಲ್ಲಿ ರೀಲು ಮುಗಿಯುವ ಹೊತ್ತಿಗೆ ಪರದೆಯ ಬಲಗಡೆ ಮೇಲಿನ ಮೂಲೆಯಲ್ಲಿ ಒಂದು ಚುಕ್ಕೆ ಮಿಂಚಿ ಹೋಗುತ್ತದೆ. ಅದನ್ನು ಕಂಡ ಕೂಡಲೇ ಇನ್ನೊಂದು ಮೆಷಿನಿನ ಮೋಟಾರು ಚಾಲೂ ಮಾಡಬೇಕು. ಕೆಲವೇ ಸೆಕೆಂಡಿನಲ್ಲಿ ಎರಡನೇ ಚುಕ್ಕೆ. ಆಗ ಇದರ ಬೆಳಕು ಮುಚ್ಚಿ ಅದರದ್ದು ತೆರೆಯಬೇಕು. ರೆಪ್ಪೆ ಬಡಿದರೆ ಮುಗಿಯಿತು, ಕೆಳಗಿಂದ ಶಿಳ್ಳೆ, ಬೈಗುಳ. ಆಗ ಬೆಳಕು ಅಂದರೆ ಬಲ್ಬ್ ಅಲ್ಲ, ಎರಡು ಕಾರ್ಬನ್ ಕಡ್ಡಿಗಳ ನಡುವೆ ಉರಿಯುವ ಬೆಂಕಿ. ಉರಿದಂತೆ ಕಡ್ಡಿ ಸವೆಯುತ್ತದೆ, ಸವೆದಂತೆ ಹತ್ತಿರ ತರುತ್ತಿರಬೇಕು. ಹೊಗೆ ಹೋಗಲಿಕ್ಕೆ ಮಾಡಿನ ಮೇಲೊಂದು ಚಿಮಣಿ. ಅಜ್ಜ ಪ್ರಾಯವಿಡೀ ಆ ಕಿಂಡಿಯಲ್ಲಿ ಕಣ್ಣಿಟ್ಟು, ಚುಕ್ಕೆ ಕಾಯುತ್ತಾ ಕಳೆದವರು. ಕಥೆಯನ್ನು ನೆಮ್ಮದಿಯಾಗಿ ನೋಡಿದ್ದೇ ಇಲ್ಲವಂತೆ. ಗೋಡೆ ಬಿದ್ದ ಮೇಲೆ ಅವರು ಹೇಳಿದ್ದು ಒಂದೇ ಮಾತು: "ಎಡಗಡೆಯ ಮೆಷಿನ್ ಸ್ವಲ್ಪ ಹಟಮಾರಿ. ಆದ್ರೆ ಒಳ್ಳೆ ಬೆಳಕು."

ಆ ಕಾಲಕ್ಕೆ ನಮ್ಮ ಕಡೆ ಅಂಥ ಕಟ್ಟಡ ಇನ್ನೊಂದು ಇರಲಿಲ್ಲ. ಕೆಂಪು ಸಿಮೆಂಟಿನ ನೆಲ, ಬಾಲ್ಕನಿಗೆ ಹೋಗುವ ಅಗಲದ ಮೆಟ್ಟಿಲು, ಅದಕ್ಕೆ ಬೀಟೆ ಮರದ ಕೈಪಿಡಿ. ಕೈ ಸವರಿ ಸವರಿ ಅದು ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ಮಾಡು ಮಾತ್ರ ಶೀಟಿನದ್ದು. ಕಕ್ಕಡ ತಿಂಗಳ (ಜುಲೈ-ಆಗಸ್ಟ್) ಮಳೆ ಸುರಿದರೆ ಪರದೆಯ ಮೇಲೆ ಬಾಯಿ ಆಡುವುದು ಮಾತ್ರ ಕಾಣುತ್ತಿತ್ತು. ಅಜ್ಜ ಸೌಂಡು ಏರಿಸುತ್ತಿದ್ದರು, ಮಳೆ ಇನ್ನೂ ಏರುತ್ತಿತ್ತು. ಒದ್ದೆ ಕೊಡೆಗಳನ್ನು ಗೋಡೆಗೆ ಸಾಲಾಗಿ ಒರಗಿಸಿ ಕೂರುತ್ತಿದ್ದೆವು. ಸಂತೆ ದಿನ ತೋಟದ ಕೆಲಸದ ಲೈನ್ ಮನೆಯವರು ಸಾಮಾನಿನ ಚೀಲ ಕಾಲಿನ ಹತ್ತಿರ ಇಟ್ಟುಕೊಂಡು ಮುಂದಿನ ಬೆಂಚಿನಲ್ಲಿ, ತೋಟದ ಯಜಮಾನರು ಬಾಲ್ಕನಿಯಲ್ಲಿ. ಸೀಟು ಬೇರೆ ಬೇರೆ ನಿಜ. ಆದರೆ ಕರೆಂಟು ಹೋದರೆ ಎಲ್ಲರಿಗೂ ಒಟ್ಟಿಗೇ ಹೋಗುತ್ತಿತ್ತು.

1990ರಲ್ಲಿ ಬಂದ 'ಮುತ್ತಿನ ಹಾರ'ದಲ್ಲಿ ವಿಷ್ಣುವರ್ಧನ್ ಕೊಡಗಿನ ಯೋಧ. ಮಿಲಿಟರಿಗೆ ಮಗನನ್ನೋ ಗಂಡನನ್ನೋ ಕಳಿಸಿದ ಮನೆಗಳೇ ತುಂಬಿದ ಊರು ನಮ್ಮದು. ಅವತ್ತು ಹೆಂಗಸರ ಕಡೆ ನನ್ನ ಅತ್ತೆಯಂದಿರು ಸೆರಗು ಬಾಯಿಗಿಟ್ಟುಕೊಂಡು ಅತ್ತದ್ದು ನನಗೆ ಸಿನಿಮಾಕ್ಕಿಂತ ಹೆಚ್ಚು ನೆನಪಿದೆ. ಮನೆಯಲ್ಲಿ ಅವರು ಅಳುತ್ತಿರಲಿಲ್ಲ. ಮನೆಯಲ್ಲಿ ಅಳಲಿಕ್ಕೆ ಪುರುಸೊತ್ತೂ ಇರಲಿಲ್ಲ, ಜಾಗವೂ ಇರಲಿಲ್ಲ.

ಬೆಂಗಳೂರಿನ ಕಪಾಲಿ ಹೋದಾಗ ಪೇಪರಿನಲ್ಲಿ ಪುಟಗಟ್ಟಲೆ ಬಂತು. 1968ರಲ್ಲಿ ಶುರುವಾದ, ಸಿನೆರಮಾದ ಬಾಗಿದ ದೊಡ್ಡ ಪರದೆ ಇದ್ದ, 1,400ಕ್ಕೂ ಹೆಚ್ಚು ಸೀಟಿನ ಟಾಕೀಸು 2017ರಲ್ಲಿ ಮುಚ್ಚಿತು. ಮೈಸೂರಿನ ಶಾಂತಲ 2020ರಲ್ಲಿ, ಬೆಂಗಳೂರಿನ ಕಾವೇರಿ 2024ರಲ್ಲಿ. ಬರೆಯಬೇಕಾದದ್ದೇ, ಬರೆದರು. ನಮ್ಮಂಥ ಊರಿನ ಟಾಕೀಸು ಬಿದ್ದರೆ ಒಂದು ಸಾಲೂ ಬರುವುದಿಲ್ಲ.

ಮಾಲೀಕರನ್ನು ನಾನು ದೂರುವುದಿಲ್ಲ. ಟಿವಿ ಬಂತು, ಕೇಬಲ್ ಬಂತು. ರೀಲು ಹೋಗಿ ಡಿಜಿಟಲ್ ಬಂದಾಗ ಹೊಸ ಪ್ರೊಜೆಕ್ಟರಿಗೆ ಲಕ್ಷಗಟ್ಟಲೆ ಹಾಕಿದರು. ಹೊಸ ಪಿಕ್ಚರ್ ಆದರೆ ಕಾರಿದ್ದವರು ಮೈಸೂರಿನ ಮಾಲಿಗೇ ಹೋದರು. 2020ರ ಮಾರ್ಚಿನಲ್ಲಿ ಕೋವಿಡ್‌ಗೆ ಹಾಕಿದ ಬೀಗ ನಮ್ಮಲ್ಲಿ ಮತ್ತೆ ತೆಗೆಯಲೇ ಇಲ್ಲ. ಖಾಲಿ ಬೆಂಚಿಗೆ ಯಾರು ತಾನೇ ಎಷ್ಟು ವರ್ಷ ಕರೆಂಟ್ ಬಿಲ್ ಕಟ್ಟುತ್ತಾರೆ?

ಆದರೆ ಒಂದು ಮಾತು ಹೇಳಲೇಬೇಕು. ಕೊಡಗಿನಲ್ಲಿ ಬಂದವರಿಗೆ ನೋಡಲಿಕ್ಕೆ ಎಷ್ಟು ಜಾಗ ಇದೆ! ರಾಜಾಸೀಟು, ಅಬ್ಬಿ, ದುಬಾರೆ, ಮಾಂದಲಪಟ್ಟಿ. ಗಲ್ಲಿಗೊಂದು ಹೋಂಸ್ಟೇ. ಇಲ್ಲೇ ಇರುವವರು ಮಳೆಗಾಲದ ಸಂಜೆ ಎಲ್ಲಿಗೆ ಹೋಗಬೇಕು? ಮದುವೆ, ತಿಥಿ ಬಿಟ್ಟರೆ ನಾವು ಒಂದೇ ಸೂರಿನಡಿ ಕೂರುವುದು ಯಾವಾಗ? ಲೈನ್ ಮನೆಯ ಹೆಂಗಸು ಮೂರು ಗಂಟೆ ಯಾರ ಕೆಲಸವನ್ನೂ ಮಾಡದೆ ಕೂರಬಹುದಾದ ಜಾಗ ಈ ಊರಿನಲ್ಲಿ ಅದೊಂದೇ ಇತ್ತು. ಅವಳನ್ನು ಯಾರೂ ಕೇಳಲಿಲ್ಲ. ಅಜ್ಜ ಕೇಳಿದ್ದು ಒಂದು ಗೋಡೆ, ಅದೂ ಒಂದು ಹಗಲಿನ ಮಟ್ಟಿಗೆ. ಅದಕ್ಕೂ ಯಾರೂ ಹೂಂ ಅನ್ನಲಿಲ್ಲ.

ನಿನ್ನೆ ಮಾಲೀಕರ ಮಗ ಸಿಕ್ಕಿದ್ದ. ಆ ಜಾಗದಲ್ಲಿ ಕಟ್ಟಲಿರುವ ಹೊಸ ಕಾಂಪ್ಲೆಕ್ಸಿನ ಮೇಲಿನ ಮಹಡಿಯಲ್ಲಿ ನೂರು ಸೀಟಿನ ಒಂದು ಚಿಕ್ಕ ಹಾಲ್ ಮಾಡಬಹುದಲ್ವಾ ಅಂತ ಕೇಳಿದೆ. ವಾರಕ್ಕೆರಡು ದಿನ ಸಿನಿಮಾ, ಉಳಿದ ದಿನ ಮಕ್ಕಳ ನಾಟಕ, ಸಭೆ, ಏನಾದರೂ. "ನೋಡೋಣ ಅಕ್ಕ. ಟೂರಿಸ್ಟರಿಗೆ ರೂಮ್ ಹಾಕಿದ್ರೆ ಶನಿವಾರ ಭಾನುವಾರ ತುಂಬುತ್ತಲ್ವಾ" ಅಂದ. ಅವನ ಲೆಕ್ಕ ಸರಿಯೇ ಇದೆ. ಆದರೂ ಪ್ಲಾನ್ ಇನ್ನೂ ಪಾಸಾಗಿಲ್ಲ. ಮುಂದಿನ ವಾರ ಅಜ್ಜನನ್ನೂ ಕರೆದುಕೊಂಡು ಹೋಗಿ ಮತ್ತೆ ಕೇಳುತ್ತೇನೆ.