ಎರಡು ತಿಂಗಳೊಳಗೆ ಇಬ್ಬರು ಅಜ್ಜಿಯರು

2024ರ ಡಿಸೆಂಬರ್ 16ರಂದು ಕಾಡಿನ ಸಸಿಗಳನ್ನು ಬೆಳೆಸುತ್ತ ಬಂದ ಹೊನ್ನಳ್ಳಿಯ ತುಳಸಿ ಗೌಡರು ತೀರಿಕೊಂಡರು. ಎರಡು ತಿಂಗಳು ತುಂಬುವ ಮೊದಲೇ, 2025ರ ಫೆಬ್ರವರಿ 13ರಂದು ಜನಪದ ಹಾಡುಗಾರ್ತಿ, ಬಡಗೇರಿಯ ಸುಕ್ರಿ ಬೊಮ್ಮಗೌಡರೂ ಹೋದರು. ಇಬ್ಬರೂ ಉತ್ತರ ಕನ್ನಡ ಜಿಲ್ಲೆಯ ನಮ್ಮ ಅಂಕೋಲಾ ತಾಲ್ಲೂಕಿನವರು, ಇಬ್ಬರೂ ಇಲ್ಲಿನ ಹಾಲಕ್ಕಿ ಒಕ್ಕಲಿಗ ಸಮುದಾಯದವರು, ಇಬ್ಬರೂ ಶಾಲೆಯ ಓದಿಲ್ಲದೆ ಪದ್ಮಶ್ರೀಗೆ ಪಾತ್ರರಾದವರು.

ಸುಕ್ರಜ್ಜಿ ತೀರಿಕೊಂಡ ದಿನ ನಾನು ಊರಿನಲ್ಲೇ ಇದ್ದೆ. ಬೆಳಗಿನಿಂದ ಮೊಬೈಲಿಗೆ ಅವರ ಫೋಟೋ, ‘ಜನಪದ ಕೋಗಿಲೆ’ ಎಂಬ ಬಿರುದು ಮತ್ತು ಸಂತಾಪದ ಮಾತುಗಳು ಒಂದರ ಹಿಂದೊಂದು ಬರುತ್ತಲೇ ಇದ್ದವು. ಶೇಂಗಾ ಗದ್ದೆಯಲ್ಲಿ ಕಳೆ ಕೀಳುತ್ತಿದ್ದ ನೆರೆಮನೆಯ ಹಾಲಕ್ಕಿ ಅಜ್ಜಿಗೆ ಸುದ್ದಿ ತಿಳಿಸಿದಾಗ, ಅವರು ಏನನ್ನೂ ಹೇಳದೆ ಗದ್ದೆಯ ಹಾಳಿಯ ಮೇಲೆ ಕುಳಿತು, ಕೊರಳಿನ ಮಣಿಸರಗಳನ್ನು ಸರಿಪಡಿಸಿಕೊಂಡು, ಸಣ್ಣ ದನಿಯಲ್ಲಿ ನಾಟಿಯ ಹಾಡೊಂದನ್ನು ಎತ್ತಿಕೊಂಡರು. ನಾಲ್ಕಾರು ಸಾಲು ಸಾಗಿ ಹಾಡು ನಿಂತಿತು. ಮುಂದಿನದು ನೆನಪಾಗದೆ ಅವರು ಸೊಸೆಯ ಮುಖ ನೋಡಿದರು; ಸೊಸೆಗೂ ಅದು ಬರುತ್ತಿರಲಿಲ್ಲ.

ಆ ಇಡೀ ದಿನ ನನ್ನನ್ನು ಕಾಡಿದ್ದು ಈ ನಿಂತ ಹಾಡು. ಸುಕ್ರಜ್ಜಿಯ ಹಾಡುಗಳಲ್ಲಿ ಒಂದಿಷ್ಟಾದರೂ ಧ್ವನಿಮುದ್ರಣವಾಗಿ ಉಳಿದಿವೆ. ಸಾಕಿದ ಮಗನನ್ನು ಕುಡಿತಕ್ಕೆ ಕಳೆದುಕೊಂಡ ಆ ತಾಯಿ ಊರಿನ ಹೆಂಗಸರನ್ನು ಕಟ್ಟಿಕೊಂಡು ಸಾರಾಯಿಯ ವಿರುದ್ಧ ನಿಂತದ್ದನ್ನೂ ಈ ಭಾಗದ ಜನ ಮರೆತಿಲ್ಲ. ಆದರೆ ತುಳಸಜ್ಜಿಯ ತಿಳಿವಳಿಕೆ ಹಾಡಿ ಉಳಿಸುವಂಥದ್ದಲ್ಲ. ಚಿಕ್ಕಂದಿನಲ್ಲೇ ತಾಯಿಯ ಜೊತೆ ಅರಣ್ಯ ಇಲಾಖೆಯ ನರ್ಸರಿಗೆ ಕೂಲಿಗೆ ಹೋಗಿ ದಶಕಗಟ್ಟಲೆ ದುಡಿದ ಅವರು, ಕಾಡಿನಲ್ಲಿ ಯಾವ ಮರ ತಾಯಿಮರ, ಅದರ ಬೀಜ ಯಾವಾಗ ಬಲಿಯುತ್ತದೆ, ಯಾವಾಗ ಆರಿಸಿದರೆ ಸಸಿ ಗಟ್ಟಿಯಾಗುತ್ತದೆ ಎಂಬುದನ್ನು ಕಣ್ಣು ಕೈಗಳಿಂದಲೇ ಅರಿತಿದ್ದರು. 2021ರ ನವೆಂಬರಿನಲ್ಲಿ ರಾಷ್ಟ್ರಪತಿ ಭವನದಲ್ಲಿ ಅವರು ಬರಿಗಾಲಿನಲ್ಲಿ ನಡೆದ ದೃಶ್ಯವನ್ನು ದೇಶವೆಲ್ಲ ಕೊಂಡಾಡಿತು. ಬರಿಗಾಲಿನ ಬಗ್ಗೆ ಬರೆದಷ್ಟು ಬೀಜದ ಬಗ್ಗೆ ಯಾರೂ ಬರೆಯಲಿಲ್ಲವೆಂಬ ಸಂಕಟ ನನ್ನದು.

ಪ್ರತಿಮೆ ನಿಲ್ಲಿಸಲಿ, ರಸ್ತೆಗೆ ಹೆಸರಿಡಲಿ, ಬೇಡವೆನ್ನುವುದಿಲ್ಲ. ಅದಕ್ಕೂ ಮೊದಲು, ತುಳಸಜ್ಜಿಯ ಜೊತೆ ಬೀಜ ಆರಿಸಿದವರನ್ನು, ಸುಕ್ರಜ್ಜಿಯ ಜೊತೆ ದನಿಗೂಡಿಸಿದವರನ್ನು ಹುಡುಕಿ, ಅವರು ಬಲ್ಲದ್ದನ್ನು ಅವರ ಮಾತಿನಲ್ಲೇ ಬರೆದಿಡಬೇಕು. ನೆರೆಮನೆಯ ಅಜ್ಜಿ ತಮಗೆ ನೆನಪಿರುವ ಹಾಡುಗಳನ್ನು ಹೇಳಲು ಒಪ್ಪಿದ್ದಾರೆ. ಸೊಸೆಯೂ ಜೊತೆಯಲ್ಲಿ ಕೂರುತ್ತೇನೆಂದಿದ್ದಾಳೆ.