ಗಂಡು ಕರು

ನಾನು ಊರಿಗೆ ಹೋಗುವ ಹೊತ್ತಿಗೆ ಹಸು ಕರು ಹಾಕಿ ಒಂದು ರಾತ್ರಿ ಕಳೆದಿತ್ತು. "ಹೆಣ್ಣಾ ಅಮ್ಮ?" ಅಂದೆ. ಅಮ್ಮ ಕೈ ಕೊಡವಿದಳು. "ಗಂಡು ಕಣೋ. ಗಿಣ್ಣು ಮಾಡಿದ್ದೀನಿ, ಕೈಕಾಲು ತೊಳ್ಕೊಂಡು ಬಾ."

ಬೆಲ್ಲ, ಏಲಕ್ಕಿ ಹಾಕಿದ ಗಿಣ್ಣು. ಎರಡು ಬಟ್ಟಲು ತಿಂದೆ. ಅಷ್ಟರಲ್ಲಿ ದನದ ಡಾಕ್ಟ್ರು ಬಂದರು. ಕರು ಕೊಟ್ಟಿಗೆ ಮೂಲೆಯಲ್ಲಿ ತಲೆಯನ್ನು ಹೊಟ್ಟೆಗೆ ಮಡಚಿಕೊಂಡು ಮಲಗಿತ್ತು. ಅದರ ಬಾಯಿಗೆ ಬೆರಳಿಟ್ಟು ನೋಡಿ, "ಗಿಣ್ಣುಹಾಲು ಎಷ್ಟು ಕುಡಿಸಿದ್ರಿ?" ಅಂದರು. ಯಾರೂ ಬಾಯಿ ಬಿಡಲಿಲ್ಲ.

ಹುಟ್ಟಿದ ಕರುವಿನ ಮೈಯಲ್ಲಿ ರೋಗ ತಡೆಯುವ ಶಕ್ತಿ ಇರೋದೇ ಇಲ್ಲವಂತೆ. ಅದು ಗಿಣ್ಣುಹಾಲಿನಿಂದಲೇ ಬರಬೇಕು, ಮೊದಲ ಕೆಲವು ಗಂಟೆಯೊಳಗೆ. 30 ಕೆಜಿ ಕರುವಿಗೆ ದಿನಕ್ಕೆ 3 ಲೀಟರ್ ಬೇಕು. ನಮ್ಮನೆಯಿಂದ ಅಕ್ಕಪಕ್ಕಕ್ಕೂ ಚೊಂಬು ಹೋಗಿತ್ತು. ಗಿಣ್ಣುಹಾಲನ್ನು ಡೈರಿಯವರು ತಗೊಳ್ಳೋದಿಲ್ಲ. ಅಂದರೆ ದುಡ್ಡಿನ ಆಸೆ ಅನ್ನೋಕೂ ಇಲ್ಲ. ಬರೀ ಬಾಯಿಚಪಲ.

"ಮುಂದಿನ ಸಲ ಹಸುಗೆ ಹೆಣ್ಣುಗರು ಹುಟ್ಟೋಕೇ ಅಂತ ಬೇರ್ಪಡಿಸಿದ ವೀರ್ಯದ ಇಂಜೆಕ್ಷನ್ ಹಾಕಿಸಿ, ನೂರಕ್ಕೆ 90 ಹೆಣ್ಣೇ ಹುಟ್ಟುತ್ತೆ" ಅಂದರು ಡಾಕ್ಟ್ರು. ಅಣ್ಣನ ಮುಖ ಅರಳಿತು. ಈ ಕರು ಮಾತ್ರ ಅವನಿಗೆ ತಲೆನೋವು. "ಎಚ್‌ಎಫ್ ಅನ್ನೋ ಸೀಮೆ ತಳಿ ಹೋರಿ. ಹೆಗಲ ಮೇಲೆ ಹಿಣಿಲೇ ಇಲ್ಲ, ನೊಗ ಎಲ್ಲಿ ನಿಲ್ಲುತ್ತೆ? ಉಳೋಕೆ ಟ್ರ್ಯಾಕ್ಟರ್ ಇದೆ." 2021ರಲ್ಲಿ ಗೋಹತ್ಯೆ ನಿಷೇಧ ಕಾಯ್ದೆ ಜಾರಿಗೆ ಬಂದ ಮೇಲೆ ಕೊಳ್ಳೋಕೂ ಯಾರೂ ಬರಲ್ಲ ಅಂದ. ಕಡಿಯಬೇಡಿ ಅಂತ ಕಾಯ್ದೆ ಇದೆ, ಸರಿ. ಸಾಕುವ ಖರ್ಚು?

ಔಷಧಿ ಹಾಕಿ, ಬಾಟಲಿಯಲ್ಲಿ ಹಾಲು ಕುಡಿಸಿ ಹೇಗೋ ನಿಲ್ಲಿಸಿದೆವು. ಐದನೇ ದಿನ ಅಣ್ಣ ಬೈಕ್ ತೆಗೆದ. ಕರು ನನ್ನ ತೊಡೆ ಮೇಲೆ. ದಾರಿಯುದ್ದಕ್ಕೂ ನನ್ನ ಅಂಗಿ ಗುಂಡಿ ಚೀಪುತ್ತಿತ್ತು. ಗೋಶಾಲೆ ಗೇಟಿನಲ್ಲೇ "ಜಾಗ ಇಲ್ಲ ಸ್ವಾಮಿ" ಅಂದರು. ಸುಳ್ಳಲ್ಲ. ಒಳಗೆ ಇಂಥವೇ ಕಪ್ಪುಬಿಳಿ ಗಂಡುಗರುಗಳು ಒಂದಕ್ಕೊಂದು ಒತ್ತಿಕೊಂಡು ನಿಂತಿದ್ದವು.

ವಾಪಸ್ ಬರುವಾಗ ಹುಣಸೆಮರದ ತಿರುವಿನಲ್ಲಿ ಅಣ್ಣ ಬೈಕ್ ನಿಲ್ಲಿಸಿದ. "ಇಲ್ಲೇ ಬಿಟ್ಟುಬಿಡೋಣ್ವಾ?" ನಾನು ಬೇಡ ಅನ್ನಲಿಲ್ಲ. ಮಾರನೇ ದಿನ ಬೆಂಗಳೂರಿನ ಬಸ್ಸು ಹತ್ತುವವನು ನಾನು, ದಿನಾ ಹುಲ್ಲು ಹಾಕಬೇಕಾದವನು ಅವನು. ಯಾವ ಬಾಯಲ್ಲಿ ಹೇಳಲಿ? ಕರು ಇನ್ನೂ ಗುಂಡಿ ಚೀಪುತ್ತಲೇ ಇತ್ತು. ಸ್ವಲ್ಪ ಹೊತ್ತು ಸುಮ್ನೆ ಕೂತಿದ್ದು, ಅಣ್ಣ ಮತ್ತೆ ಕಿಕ್ ಹೊಡೆದ.

ನಮ್ಮನ್ನು ಕಂಡು ಅಮ್ಮ ಏನೂ ಕೇಳಲಿಲ್ಲ. ಸಂಜೆ ಹಾಲು ಕರೆಯೋಕೆ ಕೂತವಳು ಮೂರು ಮೊಲೆ ಕರೆದು, ಕರುವಿನ ಹಗ್ಗ ಬಿಚ್ಚಿದಳು.